ಎಲ್‌ಇಡಿ ಬಿಸಿಯಾಗಲ್ವಂತೆ

ಗುಂಪು: ನಮ್ಮನೆ ಬಳಗ

ರಘು ಮಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ)
ಆರ್ಕಿಡ್ ಬೆಳೆಸುವವರು ತಪ್ಪದೆ ಓದಿ!! ಎಲ್‌ಇಡಿ ಗ್ರೋ ಲೈಟ್ (ಗಿಡ ಬೆಳೆಸುವ ದೀಪ) ಅಂದರೆ ತಂಪು ಬೆಳಕು. ಅದರಿಂದ ಬಿಸಿಯೇ ಬರುವುದಿಲ್ಲ. ದೀಪವನ್ನು ಟೆರೇರಿಯಂ (ಗಿಡ ಬೆಳೆಸುವ ಗಾಜಿನ ಪೆಟ್ಟಿಗೆ) ಒಳಗೇ, ಗಿಡಕ್ಕೆ ಹತ್ತಿರವಾಗಿ ಕಟ್ಟಿ, ಮುಚ್ಚಳ ಬಿಗಿಯಾಗಿ ಮುಚ್ಚಿ. ಸೆಕೆ ಎನಿಸಿದರೆ ನೀರು ಸ್ಪ್ರೇ ಮಾಡಿ, ಇಲ್ಲವೇ ಒಂದು ಐಸ್ ಪ್ಯಾಕ್ ಇಡಿ. ನೇರಳೆ ಬಣ್ಣದ ದೀಪ ಇನ್ನೂ ತಂಪು. ಹತ್ತು ಜನಕ್ಕೆ ಕಳಿಸಿ, ಹತ್ತು ಗಿಡ ಉಳಿಸಿ 🙏

ರಘು ಮಾವ: ನಾನು ಮೊದಲಿಂದ ಇದನ್ನೇ ಹೇಳ್ತಿದ್ದೆ. ಯಾರಾದ್ರೂ ಕೇಳಿದ್ರಾ?

ಚಿಕ್ಕಮ್ಮ: ಒಳ್ಳೇ ಮಾಹಿತಿ ಭಾವ 👏

ಸುಧಾ ಅಕ್ಕ: ಮಾವ, ಇದನ್ನ ಬರೆದಿದ್ದು ಯಾರು?

ರಘು ಮಾವ: ಬೆಳೆಸೋರೇ ಬರೆದಿದ್ದಮ್ಮ. ಎಲ್ಲದಕ್ಕೂ ಮೂಲ ಕೇಳ್ತಾ ಕೂತ್ರೆ ಗಿಡ ಬೆಳೆಯಲ್ಲ.

ಸುಧಾ ಅಕ್ಕ: ಎಷ್ಟು ವ್ಯಾಟ್ ದೀಪ, ಎಷ್ಟು ದೊಡ್ಡ ಪೆಟ್ಟಿಗೆ, ಯಾವ ಜಾತಿ ಆರ್ಕಿಡ್, ಒಂದೂ ಇಲ್ಲ. ಎಷ್ಟು ಜನಕ್ಕೆ ಕಳಿಸ್ಬೇಕು ಅನ್ನೋದಕ್ಕೆ ಮಾತ್ರ ಲೆಕ್ಕ ಇದೆ.

ಪುಟ್ಟಿ: ಎಲ್‌ಇಡಿ ಮುಂದೆ ಕೈ ಹಿಡಿದ್ರೆ ಬಿಸಿ ತಾಗಲ್ಲ, ಅದಕ್ಕೇ ತಂಪು ಅಂತಾರೆ. ಹಿಂದಿರೋ ಅಲ್ಯೂಮಿನಿಯಂ ಮುಟ್ಟಿ ನೋಡಿ. ಹಳೇ ಬಲ್ಬು ಬಿಸೀನ ಇನ್‌ಫ್ರಾರೆಡ್ ಕಿರಣವಾಗಿ ಮುಂದಕ್ಕೆ ಎಸೀತಿತ್ತು, ಎಲ್‌ಇಡಿ ಬೆನ್ನಲ್ಲಿ ಇಟ್ಕೊಳ್ಳುತ್ತೆ. ದೀಪ ಪೂರ್ತಿ ಪೆಟ್ಟಿಗೆ ಒಳಗಿದ್ರೆ ಬೆನ್ನೂ ಒಳಗೇ, ಮುಖಾನೂ ಒಳಗೇ.

ದೊಡ್ಡಪ್ಪ: ಮಕ್ಕಳೇ, ಗಿಡಕ್ಕೆ ಬೇಕಾದ್ದು ತಾಳ್ಮೆ. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಮುಚ್ಚಿಟ್ಟ ಬಾಟಲಿಯಲ್ಲಿ ಜರೀಗಿಡ ತಾನಾಗಿ ಚಿಗುರಿದ್ದನ್ನು ಕಂಡ. 1833ರಲ್ಲಿ ಅವನ ಗಾಜಿನ ಪೆಟ್ಟಿಗೆಗಳು ಗಿಡ ತುಂಬಿಕೊಂಡು ಸಿಡ್ನಿಗೆ ಹಡಗು ಹತ್ತಿದವು. ಆಗ ಯಾವ ಎಲ್‌ಇಡಿ ಇತ್ತು? ಈಗಿನವರಿಗೆ ಎಲ್ಲವೂ ಸ್ವಿಚ್ಚು ಒತ್ತಿದರೆ ಆಗಬೇಕು.

ಸುಧಾ ಅಕ್ಕ: ದೊಡ್ಡಪ್ಪ, ವಾರ್ಡ್ ಪೆಟ್ಟಿಗೆಗೆ ಬೆಳಕು ಹೊರಗಿಂದ ಬರ್ತಿತ್ತು. ನಾನು ಹೇಳ್ತಿರೋದೂ ಅದನ್ನೇ, ದೀಪ ಹೊರಗಿರ್ಲಿ.

ದೊಡ್ಡಪ್ಪ: ದೊಡ್ಡವರ ಮಾತಿಗೆ ಕೂಡಲೇ ಎದುರುತ್ತರ ಬೇಡ.

ಗಿರಿ: ಅಯ್ಯೋ ದೀಪ ಅಂದ್ರೆ ಆ ದಪ್ಪ 40 ವ್ಯಾಟ್ ಟ್ಯೂಬ್‌ಲೈಟು ನೆನಪಿದ್ಯಾ? ಸ್ಟಾರ್ಟರ್ ಅರ್ಧ ತಿರುಗಿಸಿ ಬಿಟ್ರೆ ಮಿಣಮಿಣ ಅನ್ನೋದು, ಚೋಕ್ ಇಡೀ ರಾತ್ರಿ ಗುಂಯ್ ಅನ್ನೋದು. ಅದರ ಕೆಳಗೆ ಇಟ್ಟ ಗಿಡ ಎಷ್ಟು ಚೆನ್ನಾಗಿ ಬರ್ತಿತ್ತು. ಈಗ ಆ ಮಜಾ ಇಲ್ಲ.

ಪುಟ್ಟಿ: ಆ ಗುಂಯ್ ಅನ್ನೋ ಚೋಕ್ ಒಂದೇ 10 ವ್ಯಾಟಿನಷ್ಟು ಬಿಸಿ ಕಕ್ತಿತ್ತು ಗಿರಿ ಅಣ್ಣ. ಅದನ್ನ ಟ್ಯೂಬಿನ ಪಟ್ಟಿಯಿಂದ ಬಿಚ್ಚಿ ಗೋಡೆಗೆ ಮೊಳೆ ಹೊಡೆದು ದೂರ ಇಟ್ಟಿದ್ದಕ್ಕೆ ಗಿಡ ಚೆನ್ನಾಗಿ ಬಂತು. ಈಗ ಎಲ್‌ಇಡಿ ಡ್ರೈವರಿಗೂ (ದೀಪಕ್ಕೆ ಕರೆಂಟ್ ಹದ ಮಾಡಿ ಕೊಡೋ ಡಬ್ಬಿ) ಅದೇ ನ್ಯಾಯ. ಪೆಟ್ಟಿಗೆ ತಲೆ ಮೇಲೆ ಇಡೋ ಬದಲು ಪಕ್ಕಕ್ಕೆ ಇಡ್ಬೇಕು. ವಯರ್ ಡ್ರೈವರಿಗಿಂತ ಕೆಳಗೆ ಒಂದು ಬಳುಕು ಬಿಟ್ಟು ಮೇಲೆ ಬರ್ಬೇಕು, ಇಲ್ಲದಿದ್ರೆ ವಯರ್ ಹಿಡಿದು ಇಳಿದ ನೀರು ನೇರ ಒಳಗೆ ಹೋಗುತ್ತೆ.

ರಘು ಮಾವ: ನೀನು ಹೇಳಿದ್ದು ಕೇಳೇ ಹೋದ ಸಲ ಫ್ಯಾನ್ ಇಟ್ಟಿದ್ದು. ಮ್ಯಾಸ್ಡೆವಾಲಿಯಾ ಆರ್ಕಿಡ್ ಒಣಗಿ ಹಪ್ಪಳ ಆಯ್ತು. ಅದನ್ನ ಯಾರೂ ಎತ್ತಲ್ಲ.

ಪುಟ್ಟಿ: 12 ವೋಲ್ಟಿನ ಫ್ಯಾನನ್ನ 5 ವೋಲ್ಟಲ್ಲಿ ಓಡಿಸಿ, ಗಾಳಿ ಗೋಡೆಗೆ ಬಡಿದು ತಿರುಗಿ ಬರ್ಲಿ ಅಂದಿದ್ದೆ. ನೀವು 12ರಲ್ಲೇ ಓಡಿಸಿ, ಗಿಡದ ಮುಖಕ್ಕೆ ಹಿಡಿದ್ರಿ.

ರಘು ಮಾವ: ಹಾಗಂತ ಬರೆದು ಕೊಟ್ಟಿದ್ಯಾ?

ಪುಟ್ಟಿ: ಇದೇ ಗುಂಪಲ್ಲಿ ಬರೆದಿದ್ದೆ. ಮೇಲೆ ಹುಡುಕಿ. ಹಾಗೇ ನನ್ನ ಥರ್ಮಾಮೀಟರ್ ಯಾರ ಹತ್ರ ಇದೆ ಅಂತ ನಾಲ್ಕು ಸಲ ಬರೆದಿದ್ದೂ ಸಿಗುತ್ತೆ. ಉದ್ದ ವಯರಿನ ತುದೀಲಿ ಸೆನ್ಸರ್ ಇರೋದು.

ಚಿಕ್ಕಮ್ಮ: ಗುಂಪಲ್ಲಿ ಆ ಮಾತು ಯಾಕಮ್ಮ.

ಸುಧಾ ಅಕ್ಕ: ಎಲ್ಲರೂ ಒಂದು ನಿಮಿಷ ಲೆಕ್ಕ ನೋಡಿ. 60×45×45 ಸೆಂ.ಮೀ. ಪೆಟ್ಟಿಗೆ. ತಳ ಬಿಟ್ಟು ಗಾಜಿನ ಮೈ ಸುಮಾರು 1.2 ಚದರ ಮೀಟರ್. ಗಾಳಿಯಾಡದ ಕೋಣೇಲಿ ಒಂಟಿ ಗಾಜಿನ ಮೂಲಕ ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ, ಹೆಚ್ಚುಕಮ್ಮಿ 4-5 ವ್ಯಾಟ್ ಹೊರಗೆ ಹೋಗುತ್ತೆ. ಅಂದ್ರೆ ಇಡೀ ಪೆಟ್ಟಿಗೆ ಡಿಗ್ರಿಗೆ 5-6 ವ್ಯಾಟ್ ಮಾತ್ರ ಕಳ್ಕೊಳ್ಳುತ್ತೆ. 30 ವ್ಯಾಟ್ ದೀಪ ಒಳಗೆ ಕಟ್ಟಿದ್ರೆ ಕೋಣೆಗಿಂತ 5-6 ಡಿಗ್ರಿ ಜಾಸ್ತಿ. ಕೋಣೆ 27 ಇದ್ರೆ ಒಳಗೆ 32-33.

ಸುಧಾ ಅಕ್ಕ: ಬೆಳಕಾಗಿ ಹೋದ ಪಾಲು ಲೆಕ್ಕಕ್ಕಿಲ್ಲ ಅನ್ಬೇಡಿ. ಎಲೆ, ಗಿಡದ ಬುಡದ ಪಾಚಿ, ಕೊರಡು ಕುಡಿದ ಬೆಳಕೂ ಕೊನೆಗೆ ಬಿಸಿಯೇ. ಎಲೆ ಸಕ್ಕರೆ ಮಾಡಿ ಕೂಡಿಡೋದು ಅದರಲ್ಲಿ ಚೂರೇ ಚೂರು. ನೇರಳೆ ದೀಪವಾದ್ರೂ 30 ವ್ಯಾಟ್ ಅಂದ್ರೆ 30 ವ್ಯಾಟೇ. ಡಬ್ಬಿ ಮೇಲೆ "100 ವ್ಯಾಟಿಗೆ ಸಮ" ಅಂತ ದೊಡ್ಡದಾಗಿ ಬರೆದಿರ್ತಾರೆ, ಅದನ್ನ ಬಿಟ್ಟು ನಿಜವಾಗಿ ಎಳೆಯೋ ವ್ಯಾಟ್ ನೋಡಿ.

ರಘು ಮಾವ: ಅಷ್ಟೆಲ್ಲಾ ಯಾಕೆ, ಸ್ಪ್ರೇ ಮಾಡಿದ್ರೆ ತಣ್ಣಗಾಗುತ್ತಪ್ಪ.

ಪುಟ್ಟಿ: ನೀರು ಆವಿಯಾದ್ರೆ ತಾನೇ ತಂಪು? ಮುಚ್ಚಿದ ಪೆಟ್ಟಿಗೇಲಿ ತೇವಾಂಶ ಆಗಲೇ ನೂರಕ್ಕೆ 95 ಇದ್ರೆ ನೀರು ನೀರಾಗೇ ಕೂರುತ್ತೆ. ಮಂಜು ಬಿಡೋ ಅಲ್ಟ್ರಾಸಾನಿಕ್ ಯಂತ್ರವೂ ಅಷ್ಟೇ. ಅದು ನೀರಲ್ಲಿ ಮುಳುಗಿ ಕೂತು ತಾನೇ ಒಂದಿಷ್ಟು ವ್ಯಾಟ್ ಬಿಸಿ ಸೇರಿಸುತ್ತೆ. ಐಸಿನ ಲೆಕ್ಕ ಬೇಕಾ? ಒಂದು ಕೆಜಿ ಐಸ್ ಕರಗೋವಾಗ ಹೀರೋದು 93 ವ್ಯಾಟ್-ಅವರ್. 30 ವ್ಯಾಟ್ ದೀಪಕ್ಕೆ ಮೂರು ಗಂಟೆ. ದಿನಕ್ಕೆ 12 ಗಂಟೆ ದೀಪ ಉರಿದ್ರೆ ನಾಲ್ಕು ಕೆಜಿ ಐಸು, ದಿನಾ.

ಗಿರಿ: ನಾಲ್ಕು ಕೆಜಿ ಐಸ್ ಅಂದ್ರೆ ಒಂದು ಮದುವೆಗಾಗುತ್ತೆ 😄

ದೊಡ್ಡಪ್ಪ: ಗಿರಿ, ವಿಷಯಾಂತರ ಬೇಡ. ಮುಚ್ಚಿದ ಪೆಟ್ಟಿಗೆಯಲ್ಲಿ ಬೆಳಗ್ಗೆ ಗಾಜೆಲ್ಲ ಬೆವರಿರುತ್ತದೆ. ಅದು ತಂಪಿನ ಲಕ್ಷಣ.

ಸುಧಾ ಅಕ್ಕ: ಕ್ಷಮಿಸಿ ದೊಡ್ಡಪ್ಪ, ಅದು ಹಗಲು ಕಾದಿದ್ದರ ಲಕ್ಷಣವೂ ಆಗಬಹುದು. 25 ಡಿಗ್ರೀಲಿ ತೇವಾಂಶ 90 ಇದ್ದ ಗಾಳಿ 30ಕ್ಕೆ ಏರಿದ್ರೆ 67ಕ್ಕೆ ಬೀಳುತ್ತೆ. ಆಗ ಪಾಚಿ ನೀರು ಬಿಟ್ಟು ಮತ್ತೆ ತುಂಬುತ್ತೆ. ದೀಪ ಆರಿ 22ಕ್ಕೆ ಇಳಿದಾಗ ಆ ನೀರನ್ನೆಲ್ಲ ಗಾಳಿ ಹಿಡ್ಕೊಳ್ಳೋಕಾಗಲ್ಲ, ಗಾಜಿನ ಮೇಲೆ, ಎಲೆ ಬುಡದಲ್ಲಿ ಹನಿ ಕಟ್ಟುತ್ತೆ. ರಾತ್ರಿಯಿಡೀ ಸುಳೀಲಿ ನೀರು ನಿಂತ್ರೆ ಫೆಲನಾಪ್ಸಿಸ್ ಆರ್ಕಿಡ್ ಕೊಳೆಯೋದು ಅಲ್ಲಿಂದಲೇ.

ಚಿಕ್ಕಮ್ಮ: ನನ್ನ ಗಿಡದ ಎಲೆ ಕೆಂಪಾಗಿದೆ. ಅದು ಬಿಸಿಗಾ ಬೆಳಕಿಗಾ? ಯಾರಾದ್ರೂ ಅದನ್ನ ಹೇಳಿ ಮೊದ್ಲು.

ಪುಟ್ಟಿ: ಚಿಕ್ಕಮ್ಮ, ದೀಪದ ಕಡೆ ಮುಖ ಮಾಡಿರೋ ಎಲೆ ಮಾತ್ರ ಕೆಂಪಾಗಿದ್ರೆ ಸಾಮಾನ್ಯವಾಗಿ ಬೆಳಕು ಜಾಸ್ತಿ. ಮೇಲಿನ ಎಲೇಲಿ ಬಿಳಿಚಿದ ಮಚ್ಚೆ ಬಂದು ಆಮೇಲೆ ಕಂದಾಗಿ ಗುಳಿ ಬಿದ್ರೆ ಅದು ಸುಟ್ಟಿದ್ದು. ಬಿಸಿ ಅಂದ್ರೆ ಬೇರೆ ತರ. ಕೆಳಗಿನ ಮೂಲೇಲಿ ನೆರಳಲ್ಲಿರೋ ಗಿಡವೂ ಸೋತಿರುತ್ತೆ, ಪಾಚಿ ಒದ್ದೆ ಇದ್ರೂ ಎಲೆ ಜೋತು ಬೀಳುತ್ತೆ, ಮೊಗ್ಗು ಹಳದಿಯಾಗಿ ಉದುರುತ್ತೆ. ನಿಮ್ಮದು ಯಾವ ಜಾತಿ?

ಚಿಕ್ಕಮ್ಮ: ಚಿನ್ನದ ಗೆರೆ ಇರೋದು. ಮ್ಯಾಕೋಡಿಸ್ ಪೆಟೋಲಾ ಅಂತ ಚೀಟಿ ಇದೆ.

ಪುಟ್ಟಿ: ಅಯ್ಯೋ, ಅದು ಕಾಡಿನ ನೆಲದ ಗಿಡ, ನೆರಳಲ್ಲೇ ಬೆಳೆಯೋದು. ದೀಪದಿಂದ ದೂರ, ಕೆಳಗಿನ ಮೂಲೆಗೆ ಸರಿಸಿ. 20ರಿಂದ 27 ಡಿಗ್ರಿ ಅದಕ್ಕೆ ಹಿತ. ಮ್ಯಾಸ್ಡೆವಾಲಿಯಾ, ಡ್ರಾಕುಲಾ ಆರ್ಕಿಡ್‌ಗಳ ಜೊತೆ ಒಂದೇ ಪೆಟ್ಟಿಗೇಲಿ ಇಡ್ಬೇಡಿ. ಅವು ಬೆಟ್ಟದ ಮಂಜಿನವು, ರಾತ್ರಿ 15ರ ಆಚೀಚೆಗೆ ಇಳೀಬೇಕು.

ಗಿರಿ: ಹಾಗಾದ್ರೆ ರಾತ್ರಿ ದೀಪ ಹಾಕಿ ಹಗಲು ಆರಿಸಿ. ರಾತ್ರಿ ಕೋಣೆ ತಣ್ಣಗಿರುತ್ತಲ್ಲ. ಮುಗೀತು.

ಸುಧಾ ಅಕ್ಕ: ಗಿರಿ ಹೇಳಿದ್ದರಲ್ಲಿ ಅರ್ಧ ಸರಿ. ಪೆಟ್ಟಿಗೆಯ ಅತಿ ಹೆಚ್ಚಿನ ಬಿಸಿ ಇಳಿಯುತ್ತೆ. ಆದ್ರೆ ಗಿಡದ ಕತ್ತಲು ಸೆಕೆ ಹೊತ್ತಲ್ಲಿ ಬಂದ್ರೆ ರಾತ್ರಿಯ ತಂಪೇ ಸಿಗಲ್ಲ. ಬೆಳಕಿಲ್ಲದೆ ಕಾವಲ್ಲಿ ಕೂತ ಗಿಡ ಕೂಡಿಟ್ಟ ಸಕ್ಕರೇನ ಉಸಿರಾಡಿ ಖಾಲಿ ಮಾಡುತ್ತೆ. ಅದಕ್ಕಿಂತ ಟೈಮರ್ ಹಿಂದಕ್ಕೆ ತಳ್ಳಿ. ಬೆಳಗಿನ 4ಕ್ಕೆ ಹತ್ತಿಸಿ, ಮಧ್ಯಾಹ್ನ ಕೋಣೆ ಕಾಯೋ ಹೊತ್ತಿಗೆ, 2ಕ್ಕೆ, ಆರಿಸಿ.

ಗಿರಿ: ಅರ್ಧ ಸರಿ ಅಂತ ಅಕ್ಕ ಬರೆದಿದ್ದು ಇದೇ ಮೊದಲು. ಸ್ಕ್ರೀನ್‌ಶಾಟ್ ತೆಗೆದಿಟ್ಟಿದೀನಿ.

ಪುಟ್ಟಿ: ಡಿಮ್ಮರ್ ಇದ್ರೆ ಇನ್ನೂ ಸುಲಭ. 120 ಮೈಕ್ರೊಮೋಲ್ (ಚದರ ಮೀಟರಿಗೆ ಸೆಕೆಂಡಿಗೆ ಬೀಳೋ ಬೆಳಕಿನ ಅಳತೆ) 8 ಗಂಟೆ ಕೊಟ್ರೂ, 80 ಮೈಕ್ರೊಮೋಲ್ 12 ಗಂಟೆ ಕೊಟ್ರೂ ದಿನದ ಒಟ್ಟು ಬೆಳಕು ಒಂದೇ, ಸುಮಾರು 3.5 ಮೋಲ್. ಎರಡನೇದರಲ್ಲಿ ಒಂದೊಂದು ಗಂಟೆಯ ಬಿಸಿ ಮೂರನೇ ಒಂದು ಪಾಲು ಕಮ್ಮಿ. ಜೊತೆಗೆ ಮಂದ ಮಾಡಿದಷ್ಟೂ ಎಲ್‌ಇಡಿ ತಾನೂ ತಣ್ಣಗಿದ್ದು ವ್ಯಾಟಿಗೆ ಹೆಚ್ಚು ಬೆಳಕು ಕೊಡುತ್ತೆ.

ಪುಟ್ಟಿ: ದೀಪ ಗಾಜಿನ ಮುಚ್ಚಳದ ಮೇಲೆ ಬರ್ಲಿ, ಆದ್ರೆ ಗಾಜಿಗೆ ತಾಗದೆ 5ರಿಂದ 8 ಸೆಂ.ಮೀ. ಸಂದು ಬಿಡಿ. ಆ ಸಂದಿನಲ್ಲಿ 80 ಮಿ.ಮೀ. ಕಂಪ್ಯೂಟರ್ ಫ್ಯಾನ್ ಅಡ್ಡಡ್ಡ ಗಾಳಿ ಹಾಯಿಸ್ಲಿ. ಪೆಟ್ಟಿಗೆ ಒಣಗಲ್ಲ, ದೀಪದ ಬೆನ್ನು, ಗಾಜಿನ ನೆತ್ತಿ ಎರಡೂ ತಣ್ಣಗಿರುತ್ತೆ. ಮೊದ್ಲು ಇದನ್ನೊಂದೇ ಮಾಡಿ ನೋಡಿ, ಎಷ್ಟೋ ಸಲ ಇಷ್ಟೇ ಸಾಕು. ಆಗ್ಲೂ ಬಿಸಿ ಇದ್ರೆ ಮುಂದೆ ತಳದಲ್ಲಿ ಒಂದು ಸೆಂ.ಮೀ. ಸೀಳು, ಹಿಂದೆ ಮೇಲೆ ಇನ್ನೊಂದು. ಒಳಗಿನ ಫ್ಯಾನ್ ಗಾಳಿ ಕಲಕುತ್ತೆ, ಬಿಸಿ ಹೊರಗೆ ಹಾಕಲ್ಲ. ಮೇಲೆ ಕೆಳಗಿನ ವ್ಯತ್ಯಾಸ ಅಳಿಸೋಕೆ ಮಾತ್ರ ಅದು. ಮುಚ್ಚಳ ಅಕ್ರಿಲಿಕ್ ಆಗಿದ್ರೆ ಬದಲಿಸಿ, ಒಂದು ಕಡೆ ತೇವ ಇನ್ನೊಂದು ಕಡೆ ಕಾವು ಸೇರಿ ಬಾಗುತ್ತೆ.

ದೊಡ್ಡಪ್ಪ: ಇಷ್ಟುದ್ದ ಬರೆದರೆ ಯಾರು ಓದುತ್ತಾರೆ?

ಚಿಕ್ಕಮ್ಮ: ನಾನು ಸೀಳಿನ ತನಕ ಓದಿದೆ.

ರಘು ಮಾವ: (ಫೋಟೊ) ನೋಡ್ರಪ್ಪಾ. ಆ ಬಂದೂಕಿನ ತರ ಇರುತ್ತಲ್ಲ ಇನ್‌ಫ್ರಾರೆಡ್ ಥರ್ಮಾಮೀಟರ್, ಹೊರಗಿಂದ ಎಲೆಗೆ ಗುರಿ ಹಿಡಿದೆ. ದೀಪ ಒಳಗಿದೆ, 26.2. ಫಾರ್ವರ್ಡ್ ಸುಳ್ಳಾ?

ಸುಧಾ ಅಕ್ಕ: ಅದು ಗಾಜಿನಾಚೆ ನೋಡಲ್ಲ ಮಾವ. ಕೆಂಪು ಚುಕ್ಕಿ ಎಲೆ ಮೇಲೆ ಬಿದ್ದಿರುತ್ತೆ, ಅಂಕೆ ಗಾಜಿಂದು. ಬಾಗಿಲು ತೆಗೆದು ಹಿಡೀಬೇಕು, ಇಲ್ಲ ಒಳಗೆ ವಯರ್ ಸೆನ್ಸರ್ ಇಡ್ಬೇಕು. ಸೆನ್ಸರ್ ತಲೆ ಮೇಲೆ ನೇರ ಬೆಳಕು ಬೀಳದ ಹಾಗೆ ಬಿಳಿ ತುಂಡೊಂದನ್ನ ಮರೆ ಮಾಡಿ, ಎಲೆ ಎತ್ತರಕ್ಕೆ ನೇತು ಹಾಕಿ. ದೀಪ ಹಾಕಿ ಎಷ್ಟು ಹೊತ್ತಾಯ್ತು?

ರಘು ಮಾವ: ಹತ್ತು ನಿಮಿಷ.

ಸುಧಾ ಅಕ್ಕ: ಒದ್ದೆ ಪಾಚಿ, ಕಲ್ಲು, ತಳದ ನೀರು ಕಾಯೋಕೇ ಗಂಟೆಗಟ್ಟಲೆ ಬೇಕು. ಮೂರು ಗಂಟೆ ಬಿಟ್ಟು ನೋಡಿ.

ದೊಡ್ಡಪ್ಪ: ಊಟ ಮಾಡಿ ಮಲಗಿ ಎಲ್ಲರೂ.

ಗಿರಿ: ಯಾರ ಹತ್ರಾನಾದ್ರೂ ಆ ಹಳೇ ಟ್ಯೂಬ್ ಪಟ್ಟಿ ಇದ್ರೆ ಎಸೀಬೇಡಿ, ನಂಗೆ ಕೊಡಿ.

(ಮೂರೂವರೆ ಗಂಟೆ ಆದ ಮೇಲೆ)

ರಘು ಮಾವ: (ಫೋಟೊ) ಸೆನ್ಸರ್ ಒಳಗಿಟ್ಟೆ. 31.4. ಈ ಯಂತ್ರಾನೇ ಸರಿಯಿಲ್ಲ ಅನ್ಸುತ್ತೆ.

ಪುಟ್ಟಿ: ಮಾವ, ಆ ಥರ್ಮಾಮೀಟರ್ ಬೆನ್ನಿಗೆ ಹಳದಿ ಟೇಪ್ ಸುತ್ತಿದ್ಯಾ ನೋಡಿ. ಬ್ಯಾಟರಿ ಮುಚ್ಚಳ ಒಡೆದಿದೆ ಅಂತ ನಾನು ಸುತ್ತಿದ್ದು.

ರಘು ಮಾವ: ಈ ಸಂದೇಶವನ್ನು ಅಳಿಸಲಾಗಿದೆ

ಗಿರಿ: ಸ್ಕ್ರೀನ್‌ಶಾಟ್ ಇದೆ.