ಹಳೆಯ ಕ್ಯಾಂಪರ್ ವ್ಯಾನಿನ ತುಕ್ಕು ಹಿಡಿದ ಸಿಲ್: ಬೆಸುಗೆಗೆ ಮುನ್ನ ಸಲಹೆ ಬೇಕು

ನಮಸ್ಕಾರ. 1972ರ ಫೋಕ್ಸ್‌ವ್ಯಾಗನ್ ಟೈಪ್ 2 ಕ್ಯಾಂಪರ್ ವ್ಯಾನೊಂದನ್ನು ಮನೆಯಲ್ಲಿಯೇ ದುರಸ್ತಿ ಮಾಡುತ್ತಿದ್ದೇನೆ. ಗಾಳಿಯಿಂದ ತಣಿಯುವ ಅದರ ಎಂಜಿನ್ ಸರಳವಾದದ್ದು. ಬೆಂಕಿಯ ಅಪಾಯವಿರುವುದರಿಂದ ಬಿರುಕು ಬಿಟ್ಟ ಪೆಟ್ರೋಲ್ ಕೊಳವೆಗಳನ್ನು ಮೊದಲೇ ಬದಲಾಯಿಸಿದ್ದೇನೆ. ನಿಜವಾದ ತೊಡಕಿರುವುದು ತುಕ್ಕಿನಲ್ಲಿ.

ಜಾರುಬಾಗಿಲಿನ ಕೆಳಗಿನ ಸಿಲ್ (ಹೊಸ್ತಿಲಿನಂತೆ ಉದ್ದಕ್ಕೂ ಇರುವ, ಒಳಗೆ ಪೊಳ್ಳಾದ ತಗಡಿನ ಭಾಗ) ಹೊರಗಿನಿಂದ ಗಟ್ಟಿಯಾಗಿ ಕಂಡರೂ, ಹಿಂದೆ ಯಾರೋ ಬಳಿದಿದ್ದ ಫಿಲ್ಲರನ್ನು (ತೂತು, ತಗ್ಗುಗಳನ್ನು ಮುಚ್ಚುವ ಲೇಪವನ್ನು) ಕೆರೆದಾಗ ಒಳಪದರವು ಒಣಗಿದ ಎಲೆಯಂತೆ ಉದುರಿಬಂತು. ಈ ವಾಹನಕ್ಕೆ ಪ್ರತ್ಯೇಕ ಚಾಸಿ ಇಲ್ಲದೆ, ನೆಲ, ಸಿಲ್ ಮತ್ತು ಮೈತಗಡು ಒಂದಾಗಿ ಭಾರ ಹೊರುವುದರಿಂದ, ಸಿಲ್ಲನ್ನು ಪೂರ್ತಿಯಾಗಿ ಕತ್ತರಿಸಿದರೆ ಬಾಗಿಲಿನ ಚೌಕಟ್ಟು ಕುಸಿದು, ಮುಂದೆ ಬಾಗಿಲು ಹಳಿಯ ಮೇಲೆ ಸರಿಯಾಗಿ ಸರಿಯದೇ ಹೋಗಬಹುದೆಂಬುದು ನನ್ನ ಆತಂಕ. ಆದ್ದರಿಂದ ಬಾಗಿಲಿನ ತೆರಪಿಗೆ ಅಡ್ಡಲಾಗಿಯೂ ಮೂಲೆಯಿಂದ ಮೂಲೆಗೂ ಉಕ್ಕಿನ ಚೌಕ ಕೊಳವೆಗಳನ್ನು ತಾತ್ಕಾಲಿಕವಾಗಿ ಬೆಸೆದು, ಒಂದೊಂದೇ ತುಂಡನ್ನು ಕತ್ತರಿಸಿ ಹೊಸ ತಗಡು ಕೂರಿಸಬೇಕೆಂದಿದ್ದೇನೆ. ಈ ಕೆಲಸ ಮಾಡಿದವರು ವ್ಯಾನನ್ನು ಚಕ್ರಗಳ ಮೇಲೆಯೇ ನಿಲ್ಲಿಸಿದ್ದಿರೋ ಜ್ಯಾಕ್ ಸ್ಟ್ಯಾಂಡುಗಳ ಮೇಲೋ, ಸ್ಟ್ಯಾಂಡುಗಳಾದರೆ ಎಲ್ಲೆಲ್ಲಿ ಆಧಾರ ಕೊಟ್ಟಿರಿ ಎಂಬುದನ್ನು ದಯವಿಟ್ಟು ತಿಳಿಸಿ. ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ.

ಬೆಸುಗೆಯ ಶಾಖಕ್ಕೆ ಒಳಬದಿಯ ಬಣ್ಣ ಸುಟ್ಟುಹೋಗುತ್ತದೆ, ಮುಚ್ಚಿದ ಪೊಳ್ಳಿನೊಳಗೆ ಬ್ರಷ್ ಹೋಗುವುದಿಲ್ಲ. ಜೋಡಣೆಯ ಅಂಚುಗಳಿಗೆ ಸತುವಿನ ಪ್ರೈಮರ್ ಬಳಿದು, ಹೊರಗಿನ ಬಣ್ಣವೆಲ್ಲ ಮುಗಿದ ಮೇಲೆ ಉದ್ದನೆಯ ನಳಿಕೆಯಿಂದ ಒಳಗೆ ಮೇಣ ಸಿಂಪಡಿಸಿದರೆ ಸಾಕೇ? ಮೇಣದಿಂದ ನೀರಿಳಿಯುವ ರಂಧ್ರಗಳು ಕಟ್ಟಿಕೊಳ್ಳದಂತೆ ನೀವು ಯಾವ ಎಚ್ಚರ ವಹಿಸಿದಿರಿ?

ಕೆಲಸದ ಹಂತಗಳ ಚಿತ್ರಗಳಿದ್ದರೆ, ವಿಶೇಷವಾಗಿ ಒಳಪದರವು ನೆಲವನ್ನು ಕೂಡುವ ಜಾಗದ್ದು, ಹಂಚಿಕೊಳ್ಳಬೇಕೆಂದು ಕೋರುತ್ತೇನೆ. ಉತ್ತರ ಬರುವವರೆಗೆ ಕತ್ತರಿಸುವ ಕೆಲಸಕ್ಕೆ ಕೈ ಹಾಕುವುದಿಲ್ಲ.