ಹಗುರ ಪೆಲೆಟ್ ಸ್ಪೀಡ್ ಜಾಸ್ತಿ ತೋರಿಸುತ್ತಿದೆ, ಕ್ರೋನೋ ನಂಬಬಹುದಾ?

ಜಯನಗರ_ಹತ್ತುಮೀಟರ್:

ಎಲ್ಲರಿಗೂ ನಮಸ್ಕಾರ. ಅಮೆರಿಕದವರ ವಿಡಿಯೋ ನೋಡಿ ನೋಡಿ ನನಗೂ ಸ್ಪೀಡ್ ಅಳೆಯುವ ಹುಚ್ಚು ಹತ್ತಿದೆ. ಅವರು ಗ್ಯಾರೇಜಿನಲ್ಲಿ ಕೂತು 9 ಎಂ.ಎಂ. ಕಾಡತೂಸು ತಾವೇ ತುಂಬುತ್ತಾರೆ. 147 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಬುಲೆಟ್ ಬಿಟ್ಟು 115ಕ್ಕೆ ಇಳಿಯುತ್ತಾರೆ, ಆಮೇಲೆ ಅದಕ್ಕಿಂತ ಹಗುರದ್ದು. ಗುಂಡಿನ ವೇಗ ಅಳೆಯುವ ಮೆಷಿನ್, ಅಂದರೆ ಕ್ರೋನೋಗ್ರಾಫ್‌ನಲ್ಲಿ (ಕ್ರೋನೋ) ನಂಬರ್ ಏರಿದರೆ ಕುಣಿಯುತ್ತಾರೆ. ನಮ್ಮಲ್ಲಿ ಅದು ಆಗದ ಮಾತು. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಕಾಡತೂಸು ತಯಾರಿಸುವುದಕ್ಕೇ ಬೇರೆ ಲೈಸೆನ್ಸ್ ಬೇಕು. ಹಾಗಾಗಿ ನನ್ನ ಆಟವೆಲ್ಲ .177 (4.5 ಮಿ.ಮೀ.) ಏರ್ ಪಿಸ್ಟಲ್ ಮೇಲೆ, ಗಾಳಿಯ ಒತ್ತಡದಿಂದ ಪೆಲೆಟ್ ಅನ್ನುವ ಸಣ್ಣ ಗುಂಡು ಹಾರಿಸುವಂಥದ್ದು.

ಮಾಮೂಲಿ ಸೀಸದ ಪೆಲೆಟ್ 0.45 ಗ್ರಾಂ. ಅದು ಸುಮಾರು 150 ಮೀಟರ್ ಪ್ರತಿ ಸೆಕೆಂಡ್ ಕೊಡುತ್ತದೆ. ತವರದ ಹಗುರ ಪೆಲೆಟ್ 0.33 ಗ್ರಾಂ, ಅದು 170ರ ಹತ್ತಿರ. ಇಲ್ಲಿಗೆ ಸರಿ. ಆದರೆ ಹಗುರದ್ದು ಮಧ್ಯೆ ಮಧ್ಯೆ 260 ಅಂತ ತೋರಿಸುತ್ತದೆ, ಕೆಲವೊಮ್ಮೆ ಏನೂ ತೋರಿಸುವುದೇ ಇಲ್ಲ. ನಾನು ಅಳೆಯುವುದು ಬೇಸ್‌ಮೆಂಟ್ ರೇಂಜಿನಲ್ಲಿ, ಮೇಲೆ ಎಲ್‌ಇಡಿ ಟ್ಯೂಬ್‌ಲೈಟ್. ಕ್ರೋನೋ ಎರಡು ಸೆನ್ಸರ್‌ನದು, ನೆರಳು ಹಿಡಿಯುವ ಜಾತಿ. ಮಾರಿದ ಅಂಗಡಿಯವರನ್ನು ಕೇಳಿದರೆ "ಬ್ಯಾಟರಿ ಬದಲಿಸಿ ಸರ್" ಅಂದರು. ಬದಲಿಸಿದೆ. ಹಾಗೇ ಇದೆ. ಪೆಲೆಟ್‌ದೇ ತೊಂದರೆಯಾ, ಮೆಷಿನ್‌ದಾ?

ಎಸ್‌ಪಿ_ರೋಡ್_ಗಿರಾಕಿ:

ಮೊದಲು ಆ 260 ಮರೆತುಬಿಡಿ ಗುರು. ಲೆಕ್ಕ ಹಾಕಿ ನೋಡಿ. ಸೀಸದ ಪೆಲೆಟ್‌ನ ಶಕ್ತಿ ಸುಮಾರು 5 ಜೌಲ್. 170ರಲ್ಲಿ ಹಗುರದ್ದು 4.8. ಹಗುರದ್ದಕ್ಕೆ 260 ನಿಜವಾದರೆ 11 ಜೌಲ್ ಆಗುತ್ತದೆ. ಅದೇ ಪಿಸ್ಟಲ್, ಅದೇ ಗಾಳಿ. ಎರಡು ಪಟ್ಟು ಶಕ್ತಿ ಎಲ್ಲಿಂದ ಬರಬೇಕು?

ಕಳ್ಳ ನಿಮ್ಮ ಟ್ಯೂಬ್‌ಲೈಟ್ ಇರಬೇಕು. ನಮ್ಮ ಕರೆಂಟ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ ಅದರಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಸೆನ್ಸರ್‌ಗೆ ಗೊತ್ತಾಗುತ್ತದೆ. ಸೆನ್ಸರ್‌ಗಳ ನಡುವೆ 30 ಸೆಂ.ಮೀ. ಇದ್ದರೆ ಪೆಲೆಟ್ ದಾಟುವುದು ಎರಡೇ ಮಿಲಿಸೆಕೆಂಡಿನಲ್ಲಿ. ಇಷ್ಟು ಸಣ್ಣ ಪೆಲೆಟ್‌ನ ನೆರಳೂ ತೆಳು. ಬೆಳಕು ಕುಣಿದಾಗ ಮೆಷಿನ್ ಅದನ್ನೇ ಪೆಲೆಟ್ ಅಂದುಕೊಳ್ಳಬಹುದು.

ಎಸ್‌ಪಿ ರೋಡ್‌ನಲ್ಲಿ 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್ ತಗೊಳ್ಳಿ, ಬೈಕ್ ಬ್ಯಾಟರಿಯಿಂದ ಉರಿಸಿ. ಡಿ.ಸಿ.ಯಲ್ಲಿ ಆ ಮಿನುಗಾಟ ಇರುವುದಿಲ್ಲ. ಕ್ರೋನೋವನ್ನು ಪಿಸ್ಟಲ್ ಬಾಯಿಗೆ ತೀರಾ ಅಂಟಿಸಿಡಬೇಡಿ, ಒಂದು ಮೀಟರ್ ಬಿಡಿ. ಬ್ಯಾರೆಲ್‌ನಿಂದ ನುಗ್ಗುವ ಗಾಳಿಯೂ ಮೊದಲ ಸೆನ್ಸರನ್ನು ಎಬ್ಬಿಸುತ್ತದೆ.

ನಿವೃತ್ತ_ಫಿಸಿಕ್ಸ್_ಮೇಷ್ಟ್ರು:

ಮೆಷಿನ್ ಮೇಲೆ ಅನುಮಾನ ಬಂದರೆ ಮೆಷಿನ್ ಇಲ್ಲದೆಯೂ ಅಳೆಯಬಹುದು ಮಗು. ಬೆಂಜಮಿನ್ ರಾಬಿನ್ಸ್ ಅಂತ ಒಬ್ಬ ಇಂಗ್ಲಿಷಿನವನು 1742ರಲ್ಲೇ ಇದನ್ನು ಬರೆದಿಟ್ಟ. ತೂಗುವ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ಹಿಂದೆ ಹೋಯಿತು ಅಂತ ನೋಡಿ ವೇಗ ಕಂಡುಹಿಡಿದ. ತಮಾಷೆ ಅಂದರೆ ಆತ ತೀರಿಕೊಂಡದ್ದು ನಮ್ಮ ಕಡೆಯೇ. 1751ರಲ್ಲಿ, ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ.

ನಿಮ್ಮ ರೇಂಜಿನಲ್ಲೇ ಮಾಡಿ. ಅರ್ಧ ಕೆ.ಜಿ. ಮೆತ್ತನೆ ಜೇಡಿಮಣ್ಣನ್ನು ಒಂದು ಮೀಟರ್ ದಾರದಲ್ಲಿ ತೂಗುಹಾಕಿ. ಹಿಂದೆ ತಪ್ಪಿದ ಪೆಲೆಟ್ ಹಿಡಿಯುವ ಟ್ರ್ಯಾಪ್ ಇರಲಿ, ಕಣ್ಣಿಗೆ ಕನ್ನಡಕ ಇರಲಿ. 150ರ ಸೀಸದ ಪೆಲೆಟ್ ಒಳಗೆ ಹೂತರೆ ಜೇಡಿ ಸುಮಾರು 4.3 ಸೆಂ.ಮೀ. ಸರಿಯಬೇಕು. 170ರ ಹಗುರದ್ದು 3.6. ನೋಡಿದಿರಾ, ಓಟ ಜಾಸ್ತಿ, ತಳ್ಳುವುದು ಕಡಿಮೆ! ನನಗೆ ಕ್ರೋನೋ ನಂಬರಿಗಿಂತ ಇದೇ ಇಷ್ಟ. ಕಾಲೇಜಿನಲ್ಲಿ ಬೋರ್ಡ್ ಮೇಲೆ ಎಷ್ಟು ಬರೆದರೂ ಹುಡುಗರಿಗೆ ಇಳಿಯುತ್ತಿರಲಿಲ್ಲ.

ಮಲ್ಲೇಶ್ವರಂ_ಕೋಚ್:

ಜೇಡಿ ಹುಡುಕುವ ತಾಪತ್ರಯ ಬೇಡ ಅಂದರೆ ಮೊಬೈಲ್ ಸಾಕು. ಪಿಸ್ಟಲ್‌ಗೂ ಟಾರ್ಗೆಟ್‌ಗೂ ಸಮ ದೂರದಲ್ಲಿ, ಪಕ್ಕದ ಗೋಡೆ ಬದಿ ಇಟ್ಟು ರೆಕಾರ್ಡ್ ಮಾಡಿ. ಹೊಡೆದ ಶಬ್ದ, ಟಾರ್ಗೆಟ್‌ಗೆ ತಾಗಿದ ಶಬ್ದ ಎರಡೂ ಒಂದೇ ದೂರ ಬರುವುದರಿಂದ ನಡುವಿನ ಅಂತರವೇ ಪೆಲೆಟ್ ಹಾರಿದ ಸಮಯ. 10 ಮೀಟರಿಗೆ 67 ಮಿಲಿಸೆಕೆಂಡ್ ಬಂದರೆ ಸರಾಸರಿ 150. ದಾರಿಯಲ್ಲಿ ಗಾಳಿ ತಡೆಯುವುದರಿಂದ ಕ್ರೋನೋಗಿಂತ ಸ್ವಲ್ಪ ಕಡಿಮೆಯೇ ಬರುತ್ತದೆ.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಸ್ಪೀಡ್ ತಗೊಂಡು ಏನು ಮಾಡುತ್ತೀರಿ? ಏರ್ ಪಿಸ್ಟಲ್ ಟಾರ್ಗೆಟ್‌ನ ಹತ್ತರ ವೃತ್ತ 11.5 ಮಿ.ಮೀ. 150ರದ್ದು ಹತ್ತು ಮೀಟರಿನಲ್ಲಿ ಸುಮಾರು 2.2 ಸೆಂ.ಮೀ. ಇಳಿಯುತ್ತದೆ, 170ರದ್ದು 1.7. ಪೆಲೆಟ್ ಬದಲಿಸಿದರೆ ಗುರಿ ಹಿಡಿಯುವ ಸೈಟ್ ಒಂದೆರಡು ಕ್ಲಿಕ್ ತಿರುಗಿಸಿ ಸರಿಮಾಡಿದರಾಯಿತು, ಅದು ದೊಡ್ಡ ವಿಷಯ ಅಲ್ಲ. ಒಂದು ಪೆಲೆಟ್‌ನಿಂದ ಇನ್ನೊಂದಕ್ಕೆ ಸ್ಪೀಡ್ ಎಷ್ಟು ಹೆಚ್ಚುಕಡಿಮೆ ಆಗುತ್ತದೆ, ಗ್ರೂಪ್ (ಟಾರ್ಗೆಟ್ ಮೇಲೆ ಪೆಲೆಟ್‌ಗಳು ಬಿದ್ದ ತೂತುಗಳ ಗುಂಪು) ಎಷ್ಟು ಬಿಗಿಯಾಗಿ ಬರುತ್ತದೆ, ಅದನ್ನು ನೋಡಿ.

ಜಯನಗರ_ಹತ್ತುಮೀಟರ್:

ಬ್ಯಾಟರಿ ಲೈಟ್ ಹಾಕಿದೆ, 260 ಮಾಯ. ಹಗುರದ್ದು ಈಗ 166ರಿಂದ 173ರ ಮಧ್ಯೆ ಓಡಾಡುತ್ತಿದೆ. ಸೀಸದ್ದು 149, 150, 151, ಅಷ್ಟರಲ್ಲೇ. ಗ್ರೂಪಿನಲ್ಲೂ ಸೀಸದ್ದೇ ವಾಸಿ, ಕನಿಷ್ಠ ನನ್ನ ಬ್ಯಾರೆಲ್‌ಗೆ. ಕೋಚ್ ಸರ್, ನೀವು ಕೇಳಿದ್ದಕ್ಕೆ ಉತ್ತರ: ಏನೂ ಮಾಡುವುದಿಲ್ಲ, ಸುಮ್ನೆ ನೋಡಬೇಕಿತ್ತು!

ಮೇಷ್ಟ್ರೇ, ಜೇಡಿ ಪ್ರಯೋಗಕ್ಕೆ ಮಗಳ ಕ್ಲೇ ಕೇಳಿದ್ದೇನೆ, ಇನ್ನೂ ಪರ್ಮಿಷನ್ ಸಿಕ್ಕಿಲ್ಲ. ಸೀಸ ಹೂತ ಕ್ಲೇ ವಾಪಸ್ ಕೊಡುವ ಹಾಗಿಲ್ಲ ಅಲ್ವಾ, ಹೊಸದೇ ಕೊಡಿಸಬೇಕು. ತವರದ ಪೆಲೆಟ್ ಅರ್ಧ ಡಬ್ಬಿ ಮಿಕ್ಕಿದೆ. ಯಾರಿಗಾದರೂ ಬೇಕಿದ್ದರೆ ಹೇಳಿ, ಭಾನುವಾರ ರೇಂಜಿಗೆ ತರುತ್ತೇನೆ.