ಮೊತ್ತದ ಸೂತ್ರದಿಂದ ಅಸಲು ಬಿಡಿಸುವುದು ಹೇಗೆ?

ಹಾಸನದ ಅಮ್ಮ:
ನಮಸ್ಕಾರ. ಮಗಳು ಒಂಬತ್ತನೇ ತರಗತಿ. ಬಡ್ಡಿ = ಅಸಲು × ದರ × ಕಾಲ ÷ 100. ಇದರಲ್ಲಿ ಕಾಲ ಕಂಡುಹಿಡಿ ಅಂದರೆ ಸಲೀಸಾಗಿ ಮಾಡುತ್ತಾಳೆ. ಮೊತ್ತದ ಸೂತ್ರ ಬಂದರೆ ಮಾತ್ರ ನಿಂತುಬಿಡುತ್ತಾಳೆ.

ಮೊತ್ತ = ಅಸಲು + ಅಸಲು × ದರ × ಕಾಲ ÷ 100

ಅವಳು ಬರೆದದ್ದು: ಅಸಲು = ಮೊತ್ತ − ಅಸಲು × ದರ × ಕಾಲ ÷ 100. ಬಲಗಡೆ ಮತ್ತೆ ಅಸಲು ಬಂತಲ್ಲ! ಹೇಗೆ ಹೇಳಿಕೊಡಲಿ?

ರವೆ ಉಂಡೆ:
ಅಷ್ಟೆಲ್ಲ ಯಾಕೆ ಮೇಡಂ? ದರ 5, ಕಾಲ 3 ವರ್ಷ ಅಂದರೆ ಒಟ್ಟು ಶೇಕಡಾ 15. ಮೊತ್ತದಲ್ಲಿ ಅಷ್ಟು ಕಳೆದರೆ ಆಯ್ತು, ಅಲ್ವಾ?

ಲೆಕ್ಕದ ಮೇಷ್ಟ್ರು:
ಮೇಡಂ, ದಯವಿಟ್ಟು ಅವಳ ಸಾಲಿಗೆ ಕೆಂಪು ಗೀಟು ಹಾಕಬೇಡಿ. ಪಕ್ಷಾಂತರ ಸರಿಯಾಗಿದೆ, ಚಿಹ್ನೆಯೂ ಬದಲಾಗಿದೆ. ಆದರೆ ಅಸಲು ಗೊತ್ತಿಲ್ಲದೆ ಆ ಬಲಗಡೆಯ ಲೆಕ್ಕ ಹಾಕೋಕೆ ಆಗಲ್ಲ. ಹಾಗಾಗಿ ಕೆಲಸ ಇನ್ನೂ ಮುಗಿದಿಲ್ಲ.

ನಮಗೆ ಬೇಕಾದ ಪದ ಎರಡು ಸಲ ಬಂದರೆ ಎರಡನ್ನೂ ಒಂದೇ ಕಡೆ ಇಟ್ಟುಕೊಳ್ಳಬೇಕು. ಇಲ್ಲಿ ಅವು ಆಗಲೇ ಒಂದೇ ಕಡೆ ಇವೆ, ಸುಮ್ನೆ ಕದಲಿಸುವುದು ಬೇಡ. ಅಸಲನ್ನು ಆವರಣದ ಹೊರಗೆ ತೆಗೆಯಲಿ:

ಮೊತ್ತ = ಅಸಲು × (1 + ದರ × ಕಾಲ ÷ 100)

ಈಗ ಅಸಲು ಒಂದೇ ಸಲ ಇದೆ. ಎರಡೂ ಕಡೆಯನ್ನು ಆ ಆವರಣದಿಂದ ಭಾಗಿಸಿದರೆ ಮುಗಿಯಿತು:

ಅಸಲು = ಮೊತ್ತ ÷ (1 + ದರ × ಕಾಲ ÷ 100)

ಮಕ್ಕಳು ಜಾಸ್ತಿ ಎಡವುವುದು ಆ 1ರ ಹತ್ತಿರ. ಅಸಲು ಹೊರಗೆ ಬಂದಮೇಲೆ ಅದರ ಜಾಗದಲ್ಲಿ ಏನೂ ಉಳಿಯಲ್ಲ ಅಂದುಕೊಳ್ಳುತ್ತಾರೆ. ಮೊದಲೇ 'ಅಸಲು × 1' ಎಂದು ಬರೆಸಿಬಿಡಿ, ಗೊಂದಲ ಇರಲ್ಲ.

ರವೆ ಉಂಡೆ ಅವರೇ, ಆ ಶೇಕಡಾ 15 ಲೆಕ್ಕವಾಗಿರುವುದು ಅಸಲಿನ ಮೇಲೆ. ನೀವು ಕಳೆಯುತ್ತಿರುವುದು ಮೊತ್ತದ ಮೇಲೆ. ಮೊತ್ತ 5750 ಅಂತಿಟ್ಟುಕೊಳ್ಳಿ. ನಿಮ್ಮ ದಾರಿಯಲ್ಲಿ ಅಸಲು 4887.50. ಅದಕ್ಕೆ ಶೇಕಡಾ 15 ಸೇರಿಸಿದರೆ 5620 ಚಿಲ್ಲರೆ ಅಷ್ಟೇ. 5750 ÷ 1.15 ಮಾಡಿದರೆ 5000. ಅದರ ಬಡ್ಡಿ 750, ಕೂಡಿಸಿದರೆ ಸರಿಯಾಗಿ 5750.

ರವೆ ಉಂಡೆ:
ಹೌದು ಸರ್, ಕೂಡಿಸಿ ನೋಡಿದೆ. ನಿಮ್ಮದೇ ಸರಿ.

ಹಾಸನದ ಅಮ್ಮ:
ತುಂಬಾ ಥ್ಯಾಂಕ್ಸ್ ಸರ್, ಅವಳಿಗೆ ಅರ್ಥವಾಯಿತು. ಇದೇ ಸೂತ್ರದಿಂದ ದರ ಬೇಕಾದರೂ ಹೀಗೇ ಆವರಣ ಹಾಕಬೇಕಾ?

ಲೆಕ್ಕದ ಮೇಷ್ಟ್ರು:
ಬೇಡ. ದರ ಒಂದೇ ಸಲ ಬಂದಿದೆಯಲ್ಲ, ಅಲ್ಲಿ ಮಗಳ ಪಕ್ಷಾಂತರವೇ ಸಾಕು. ಮೊದಲು ಅಸಲನ್ನು ಆಚೆ ಕಳಿಸಿ, ಆಮೇಲೆ ಗುಣಿಸಿ, ಭಾಗಿಸಿ: ದರ = 100 × (ಮೊತ್ತ − ಅಸಲು) ÷ (ಅಸಲು × ಕಾಲ). ಮೇಲಿನ ಅಂಕಿಗಳನ್ನೇ ಹಾಕಿ ನೋಡಲಿ, 5 ಬರಬೇಕು.